ನನ್ನ ಓದುವ ಕೋಣೆಯನ್ನು ಮರಳುಗಾಡಿಗೆ ಕರೆದೊಯ್ಯಲಿರುವ ಹೆಡರ್ ಮಹಾಶಯರಿಗೆ

ಸಾಲ್ಮಿಯಾ, ಕುವೈತ್
ಡಿಸೆಂಬರ್ 2010, ಬುಧವಾರ

ಎಡಬದಿಯ ಹಾಗೂ ಬಲಬದಿಯ ಮಾನ್ಯ ಹೆಡರ್ ಮಹಾಶಯರೇ,

ಎಂಜಿನ್ನಿನ ಹೊಗೆಯನ್ನು ಹೊರಗೆ ಸಾಗಿಸುವ ತಮ್ಮಿಬ್ಬರ ಎಂಟೂ ಕೊಳವೆಗಳಿಗೆ ನನ್ನ ಪ್ರತ್ಯೇಕ ಪ್ರತ್ಯೇಕ ನಮಸ್ಕಾರಗಳು. ತಮ್ಮ ಬೋಲ್ಟುಗಳೆಲ್ಲ ಬಿಗಿಯಾಗಿ, ತಮ್ಮ ಮೈಗೆ ಸುತ್ತಿರುವ ಪಟ್ಟಿ ಹರಿಯದೆ, ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿಲ್ಲ. ಈ ಪತ್ರ ಅದಕ್ಕಾಗಿಯೇ.

ವಿಷಯಕ್ಕೆ ಬರುವ ಮೊದಲು ಒಂದು ಸಾಲು. ಎಂ.ಎ. ಓದುತ್ತಿದ್ದಾಗ ಯಾವುದೋ ಹಳೆಯ ಪತ್ರಿಕೆಯಲ್ಲಿ ಕಂಡದ್ದು. ಬರೆದವರ ಹೆಸರು ನೆನಪಿಲ್ಲ, ಸಾಲೂ ಅರ್ಧವೇ ಉಳಿದಿದೆ. ‘ನಿಂತ ಬಂಡಿಯ ಬಳಿಗೆ ದಾರಿ ತಾನೇ ನಡೆದು ಬಂದು...’ ಬಂದು ಏನು ಮಾಡಿತು? ಪಕ್ಕದಲ್ಲಿ ಕೂತಿತೋ, ಕೈಹಿಡಿದು ಎಬ್ಬಿಸಿತೋ? ಕಳೆದ ಎರಡು ಚಳಿಗಾಲ ನಾನು ‘ಕೂತಿತು’ ಎಂದೇ ಓದಿಕೊಂಡಿದ್ದೆ. ತಾವು ಆಗಮಿಸಿದ ಮೇಲೆ, ಅದು ‘ಎಳೆದುಕೊಂಡು ಹೋಯಿತು’ ಎಂದೇ ಇದ್ದಿರಬೇಕು ಅನಿಸುತ್ತಿದೆ. ಆ ಕವಿಗೂ ಗ್ಯಾರೇಜಿನಲ್ಲಿ ಒಬ್ಬ ಗೆಳೆಯನಿದ್ದಿರಬೇಕು.

ನನ್ನ ಪರಿಚಯ ತಮಗಿಲ್ಲ. ನಾನು ಕಾಂಚನಾ, ಬಾಗಲಕೋಟೆಯ ಕಡೆಯವಳು, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪಾಳಿಯ ಮೇಲೆ ದುಡಿಯುವ ಎಂಜಿನಿಯರ್ ಅಮರೇಶ ಅವರ ಹೆಂಡತಿ, ಕನ್ನಡದಲ್ಲಿ ಎಂ.ಎ. ಮಾಡಿ ಆ ಪದವಿಪತ್ರವನ್ನು ಪಾಸ್‌ಪೋರ್ಟುಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡವಳು. ನಮ್ಮ ಫ್ಲ್ಯಾಟಿನಲ್ಲಿ ಎರಡು ಮಲಗುವ ಕೋಣೆಗಳು. ಒಂದರಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಅಮರೇಶ ಅವರು ಹಗಲೆಲ್ಲ ಪರದೆ ಎಳೆದು ಮಲಗುತ್ತಾರೆ, ಇನ್ನೊಂದರಲ್ಲಿ ಹನ್ನೆರಡನೆಯ ತರಗತಿಯ ಮಗಳು ಸ್ವಪ್ನಾ ಬಾಗಿಲು ಹಾಕಿಕೊಂಡು ಓದುತ್ತಾಳೆ, ನಡುಮನೆಯಲ್ಲಿ ಟಿ.ವಿ. ಇದೆ, ಅಡುಗೆಮನೆಯಲ್ಲಿ ಕುಕ್ಕರ್ ಇದೆ. ಈ ಹಂಚಿಕೆಯಲ್ಲಿ ಯಾರಿಗೂ ಅನ್ಯಾಯವಾಗಿಲ್ಲವೆಂದು ಮನೆಯವರೆಲ್ಲ ಒಪ್ಪಿದ್ದಾರೆ. ನನ್ನನ್ನು ಕೇಳುವ ಸಂದರ್ಭ ಬರಲಿಲ್ಲ, ಅಷ್ಟೆ.

ಹೀಗಿರುವಾಗ ನಮ್ಮ ಮನೆಗೆ ಒಂದು ಮೋಟರ್‌ಹೋಮ್ ಬಂತು. ಹಾಸಿಗೆ, ಒಲೆ, ಸಿಂಕು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ, ಕಂದು ಪಟ್ಟೆಯ ಬಸ್ಸಿನಂಥ ಅಮೆರಿಕದ ವಾಹನ. ವಯಸ್ಸಿನಲ್ಲಿ ನನಗಿಂತ ಚಿಕ್ಕದು, ನೋಡಲು ನನ್ನ ಅತ್ತೆಯಂತೆ. ಯಾರೋ ಅಮೆರಿಕನ್ನರು ಬಿಟ್ಟುಹೋದದ್ದು, ಕೈಯಿಂದ ಕೈಗೆ ದಾಟುತ್ತ, ಕೊನೆಗೆ ಊರಿಗೆ ಹೊರಟಿದ್ದ ಸಹೋದ್ಯೋಗಿಯೊಬ್ಬರ ಕೈಯಿಂದ ಅಮರೇಶ ಅವರ ಕೈಗೆ ಬಂದು ನಿಂತಿತು. ನಿಂತಿತು ಎಂಬುದನ್ನು ದಯವಿಟ್ಟು ಗಮನಿಸಿ. ಅದಕ್ಕೆ ಕಾರಣರು ತಮ್ಮ ಪೂರ್ವಾಧಿಕಾರಿಗಳು.

ಅವರ ಬಗ್ಗೆ ಎರಡು ಮಾತು ಹೇಳದಿದ್ದರೆ ಕೃತಘ್ನಳಾಗುತ್ತೇನೆ. ಎಂಜಿನ್ನಿನ ಎರಡು ಪಕ್ಕಗಳಲ್ಲಿ ಕೂತು, ಉರಿದ ಹೊಗೆಯನ್ನು ಒಟ್ಟುಮಾಡಿ ಹಿಂದಕ್ಕೆ ಸಾಗಿಸುತ್ತಿದ್ದ ಆ ಎರಕದ ಕಬ್ಬಿಣದ ಮ್ಯಾನಿಫೋಲ್ಡುಗಳು ಇಬ್ಬರೂ ಬಿರುಕು ಬಿಟ್ಟಿದ್ದರು. ಎಂಜಿನ್ ಚಾಲೂ ಮಾಡಿದರೆ ಟಿಕ್ ಟಿಕ್ ಟಿಕ್ ಎಂದು ಸದ್ದು, ಎರಡು ನಿಮಿಷದಲ್ಲಿ ಮುಂದಿನ ಸೀಟಿನವರಿಗೆ ಕಣ್ಣುರಿ, ತಲೆನೋವು. ಗ್ಯಾರೇಜಿನ ಮೊಯ್ದೀನ್ ಕುಂಞಿ ಬಗ್ಗಿ ನೋಡಿ, “ಯಜಮಾನ್ರೇ, ಇದು ವೆಲ್ಡಿಂಗ್ ಮಾಡಿದ್ರೆ ಇಲ್ಲಿ ನಿಲ್ತದೆ, ಅಲ್ಲಿ ಒಡೀತದೆ. ಖಲಾಸ್,” ಎಂದುಬಿಟ್ಟರು. ವಾಹನವನ್ನು ನಮ್ಮ ಕಟ್ಟಡದ ಹಿಂದಿನ ಖಾಲಿ ಮರಳುಜಾಗದಲ್ಲಿ ನಿಲ್ಲಿಸಲಾಯಿತು. ಗಂಡಸರು ಅದರ ಸುತ್ತ ನಿಂತು ತಲೆಯಾಡಿಸಿ, ಚಹಾ ಕುಡಿದು, ಮರೆತರು.

ನಾನು ಮರೆಯಲಿಲ್ಲ. ಓಡದ ವಾಹನದೊಳಗೆ ಒಂದು ಕಿಟಕಿಯಿತ್ತು, ಕಿಟಕಿಯ ಕೆಳಗೆ ಒಂದು ಸೀಟು, ಎರಡು ಕಟ್ಟಡಗಳ ಸಂದಿಯಲ್ಲಿ ಬೆರಳಗಲ ಸಮುದ್ರ. ಮುಂದಿನ ಎರಡು ಸೀಟುಗಳ ನಡುವೆ, ಎಂಜಿನ್ನಿನ ಮೇಲೆ, ಕಾರ್ಪೆಟ್ ಹೊದಿಸಿದ ಮುಚ್ಚಳವೊಂದಿದೆಯಲ್ಲ, ತಾವೀಗ ಅದರ ಕೆಳಗೇ ವಾಸವಾಗಿದ್ದೀರಿ, ಅದು ನನ್ನ ಮೇಜು. ಅದರ ಮೇಲೆ ಫ್ಲಾಸ್ಕು, ಕನ್ನಡಕದ ಡಬ್ಬಿ, ಊರಿನಿಂದ ತಂದ ಕವನ ಸಂಕಲನಗಳು. ಈ ದೇಶದಲ್ಲಿ ಬೇಸಿಗೆಯಲ್ಲಿ ಆ ತಗಡಿನ ಪೆಟ್ಟಿಗೆಯೊಳಗೆ ಹೆಜ್ಜೆಯಿಟ್ಟರೆ ಬೇಯುತ್ತೇವೆ. ನನ್ನ ಕೋಣೆಗೆ ಆಯಸ್ಸು ನವೆಂಬರಿನಿಂದ ಮಾರ್ಚಿನವರೆಗೆ ಮಾತ್ರ. ಅಷ್ಟೇ ಸಾಕಾಗಿತ್ತು. ಒಂದು ಕವಿತೆಯನ್ನು ಯಾರೂ ಕರೆಯದೆ ಮೊದಲಿನಿಂದ ಕೊನೆಯವರೆಗೆ ಓದಿ, ಮತ್ತೆ ಮೊದಲಿಗೆ ಹೋಗಿ ಓದುವುದು ಎಷ್ಟು ದೊಡ್ಡ ಸಂಗತಿ ಎಂಬುದು ಮದುವೆಯಾಗಿ ಇಪ್ಪತ್ತು ವರ್ಷ ದಾಟಿದವರಿಗೆ ಗೊತ್ತು, ಹೊಗೆ ಸಾಗಿಸುವ ತಮಗೆ ಗೊತ್ತಿರಬೇಕಿಲ್ಲ.

ಎದುರುಮನೆಯ ಪುಷ್ಪಾವತಿ ಒಮ್ಮೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತ ನಾನು ಅದರೊಳಗೆ ಹೋಗುವುದನ್ನು ಕಂಡು, ಸಂಜೆ ಕೇಳಿದರು: “ಕಾಂಚನಕ್ಕ, ಅಲ್ಲಿ ಒಬ್ಬರೇ ಕೂತು ಎಂತ ಮಾಡುದು?” ಓದುತ್ತೇನೆ ಎಂದೆ. ಅವರು ದನಿ ತಗ್ಗಿಸಿ, “ಅಣ್ಣನಿಗೆ ಗೊತ್ತುಂಟಾ?” ಎಂದರು. ಗೊತ್ತಿತ್ತು. ಸಾಮಾನು ಕಾಯಲು ಒಬ್ಬರಾದರಂತೆ, ಒಳ್ಳೆಯದೇ ಆಯಿತಂತೆ.

ಇಂಥ ಸುಭಿಕ್ಷ ಕಾಲದಲ್ಲಿ ತಾವು ಅಮೆರಿಕದಿಂದ ಹಡಗಿನಲ್ಲಿ ಬಂದಿಳಿದಿರಿ. ಅಮರೇಶ ಅವರು ಇಂಟರ್‌ನೆಟ್ಟಿನಲ್ಲಿ ತಮ್ಮ ಭಾವಚಿತ್ರ ನೋಡಿ ಮನಸೋತು ತರಿಸಿಕೊಂಡದ್ದು. ಎರಕದ ಒಂದೇ ದಿಮ್ಮಿಯ ಬದಲು ಪ್ರತಿ ಬಾಯಿಗೂ ಒಂದೊಂದು ಉಕ್ಕಿನ ಕೊಳವೆ, ಎಲ್ಲ ಬಳುಕುತ್ತ ಕೆಳಗೆ ಬಂದು ಒಂದೇ ಗಂಟಲಿಗೆ ಸೇರುವ ತಮ್ಮ ಮೈಕಟ್ಟನ್ನು ಅವರು ನಡುಮನೆಯ ಗಾಲೀಚದ ಮೇಲೆ ಇಟ್ಟು ಎಲ್ಲರಿಗೂ ತೋರಿಸಿದರು. ನನ್ನ ಮದುವೆಯ ಫೋಟೋ ಆಲ್ಬಮ್ಮನ್ನು ಅವರು ಅಷ್ಟು ಜನಕ್ಕೆ ತೋರಿಸಿದ ನೆನಪು ನನಗಿಲ್ಲ. “ಇನ್ನ ಎಂಜಿನ್ ಆರಾಮ ಉಸರಾಡತೈತಿ ನೋಡು,” ಎಂದು ನನಗೆ ಹೇಳಿದರು. ಮನೆಯಲ್ಲಿ ಯಾರಾದರೊಬ್ಬರು ಆರಾಮವಾಗಿ ಉಸಿರಾಡುವಂತಾದರೆ ಯಾರಿಗೆ ಸಂತೋಷವಿಲ್ಲ?

ತಮ್ಮ ಪ್ರತಿಷ್ಠಾಪನೆ ರಿಫೈನರಿಯ ಪದ್ಧತಿಯಂತೆಯೇ ನಡೆಯಿತು. ಅಲ್ಲಿ ಯಂತ್ರವೊಂದನ್ನು ಬಿಚ್ಚುವ ಮೊದಲು ಅದರ ಸ್ವಿಚ್ಚಿಗೆ ಆರು ತೂತಿನ ಕೊಂಡಿಯೊಂದನ್ನು ಸಿಕ್ಕಿಸುತ್ತಾರೆ. ಆ ಯಂತ್ರದ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ಒಂದೊಂದು ತೂತಿಗೆ ತಮ್ಮ ಸ್ವಂತ ಬೀಗ ಹಾಕಿ, ಹೆಸರು, ಕೆಲಸ ಬರೆದ ಚೀಟಿ ತೂಗುಹಾಕಿ, ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಕೊನೆಯ ಬೀಗ ತೆಗೆಯುವ ತನಕ ಯಂತ್ರ ಚಾಲೂ ಆಗುವಂತಿಲ್ಲ. ಅಮರೇಶ ಅವರು ಮೋಟರ್‌ಹೋಮಿನ ಬಾಗಿಲ ಪಕ್ಕದ ಬ್ಯಾಟರಿ ಸ್ವಿಚ್ಚಿಗೆ ಅಂಥದೇ ಕೊಂಡಿ ಹಾಕಿ, ಕೆಂಪು ಬೀಗ ಜಡಿದು, ಪುಷ್ಪಾವತಿಯ ಗಂಡ ಪುರಂದರ ಅವರಿಗೆ ಪಾಠ ಹೇಳಿದರು: “ಯಾವ ಬೀಗ ಯಾರು ಹಾಕ್ಯಾರೋ ಅವರೇ ತೆಗೀಬೇಕು. ಜನರಲ್ ಮ್ಯಾನೇಜರ್ ಬಂದರೂ ಮುಟ್ಟಂಗಿಲ್ಲ.” ಒಮ್ಮೆ ಯಾರೋ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿ ಮಲಗಿಬಿಟ್ಟನಂತೆ, ಕಾರು ಕಳಿಸಿ ಅವನನ್ನು ಎಬ್ಬಿಸಿ ತರುವ ತನಕ ಇಡೀ ವಿಭಾಗ ಕೈಕಟ್ಟಿ ನಿಂತಿತ್ತಂತೆ. ಈ ಕಥೆಯನ್ನು ನಾನು ಊಟದ ಜೊತೆ ಎಷ್ಟು ಸಲ ಕೇಳಿದ್ದೇನೆಂದರೆ ಅದಕ್ಕೆ ಈಗ ಸಾರಿನ ರುಚಿ ಬಂದಿದೆ.

ಮೂರು ಶುಕ್ರವಾರ ಕೆಲಸ ನಡೆಯಿತು. ತುಕ್ಕು ಹಿಡಿದ ಬೋಲ್ಟುಗಳು ತಲೆ ಕಳೆದುಕೊಂಡು ಒಳಗೇ ಉಳಿದವು, ಮೊಯ್ದೀನ್ ಕುಂಞಿ ಅವುಗಳ ಮೊಂಡು ತುದಿಗೆ ನಟ್ಟು ವೆಲ್ಡ್ ಮಾಡಿ ತಿರುಗಿಸಿ ಹೊರತೆಗೆದರು. ನನ್ನ ಮೇಜನ್ನು ಎತ್ತಿ ಮರಳಿನ ಮೇಲೆ ಇಟ್ಟಿದ್ದರು. ಅದರ ಮೇಲೆ ಗಂಡಸರು ಸ್ಪ್ಯಾನರುಗಳನ್ನೂ ಸಮೋಸವನ್ನೂ ಜೋಡಿಸಿದ್ದರು. ತಮ್ಮ ಪೂರ್ವಾಧಿಕಾರಿಗಳು ಗುಜರಿಗೆ ಹೋಗುವಾಗ ಒಬ್ಬರನ್ನಾದರೂ ಉಳಿಸಿಕೊಡಿ ಎಂದು ಕೇಳಿದೆ. ಈಗ ಅವರು ನನ್ನ ಕಪಾಟಿನಲ್ಲಿ ಪುಸ್ತಕಗಳು ಬೀಳದಂತೆ ಒರಗಿ ನಿಂತಿದ್ದಾರೆ. ಬಿರುಕು ಗೋಡೆಯ ಕಡೆಗಿದೆ, ಬಂದವರಿಗೆ ಕಾಣುವುದಿಲ್ಲ.

ತಮ್ಮ ಗುಣಗಾನಕ್ಕೆ ನನ್ನ ಎಂ.ಎ. ಸಾಲದು. ತಮ್ಮ ಕಂಠ ಎಷ್ಟು ತುಂಬಿದ್ದೆಂದರೆ ಮೊದಲ ದಿನ ಅಮರೇಶ ಅವರು ಎಂಜಿನ್ ಚಾಲೂ ಮಾಡಿದಾಗ ಮೂರನೆಯ ಮಹಡಿಯ ಗಾಜು ನಡುಗಿತು, ಸ್ವಪ್ನಾ ಕಿವಿಯ ತಂತಿ ಕಿತ್ತು ಹೊರಗೆ ಬಂದಳು. ತಮ್ಮ ಶಾಖದಾನವೂ ಅಷ್ಟೇ ಉದಾರ. ಸಮುದ್ರದಂಡೆಯ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ ಸಂಜೆ ನಾನು ಎಂದಿನಂತೆ ಪುಸ್ತಕವನ್ನು ಆ ಮುಚ್ಚಳದ ಮೇಲಿಟ್ಟು ಚಹಾ ತರಲು ಹೋದೆ. ಬರುವಷ್ಟರಲ್ಲಿ ಬೆನ್ನಿನ ಗೋಂದು ಕರಗಿ ಕವಿತೆಗಳು ಬಿಡಿಬಿಡಿಯಾಗಿ ಕಾರ್ಪೆಟ್ಟಿನ ಮೇಲೆ ಕೂತಿದ್ದವು. ನಾನು ವಿದ್ಯಾರ್ಥಿನಿಯಾಗಿದ್ದಾಗಿನಿಂದ ಜೊತೆಗಿದ್ದ ಪುಸ್ತಕ ಅದು. ವಿಮರ್ಶಕರು ನಲವತ್ತು ವರ್ಷದಲ್ಲಿ ಮಾಡಲಾಗದ್ದನ್ನು ತಾವು ಒಂದು ಚಹಾದ ಹೊತ್ತಿನಲ್ಲಿ ಮಾಡಿದಿರಿ.

ಇಷ್ಟಾದರೆ ಸಹಿಸುತ್ತಿದ್ದೆ. ಮೇಜಿನ ಮೇಲೆ ಮಣೆಯಿಡುತ್ತಿದ್ದೆ. ಆದರೆ ಓಡುವ ವಾಹನ ಓಡಲೇಬೇಕಂತೆ. ನಾಳೆ ಗುರುವಾರ ಮಧ್ಯಾಹ್ನ ಅಮರೇಶ, ಪುರಂದರ ಮತ್ತು ಗೆಳೆಯರು ಅದನ್ನು ಚಳಿಗಾಲಕ್ಕೆಂದು ಮರಳುಗಾಡಿನಲ್ಲಿ ಹೂಡಿರುವ ಬಿಡಾರಕ್ಕೆ ಒಯ್ದು ಡೇರೆಗಳ ಪಕ್ಕದಲ್ಲಿ ನಿಲ್ಲಿಸಿ, ಮಾರ್ಚಿನ ತನಕ ಅಲ್ಲೇ ಬಿಡುತ್ತಾರೆ. ವಾರ ವಾರ ಹೋಗಿ ಬರುತ್ತಾರೆ. ಮಾರ್ಚಿನಲ್ಲಿ ಅದು ಹಿಂದಿರುಗುವಾಗ ಬಿಸಿಲೂ ಜೊತೆಗೆ ಬರುತ್ತದೆ. ಅಂದರೆ ನನ್ನ ಕೋಣೆಗೆ ಈ ವರ್ಷ ಚಳಿಗಾಲವೇ ಇಲ್ಲ. ನಾನಿದನ್ನು ಮನೆಯಲ್ಲಿ ತಿಳಿಸಿದೆ. “ಅಮ್ಮಾ, ಇಟ್ಸ್ ಜಸ್ಟ್ ಎ ವ್ಯಾನ್,” ಎಂದಳು ಮಗಳು. “ಓದೂದೇನು, ಬಾಲ್ಕನ್ಯಾಗ ಕುರ್ಚಿ ಹಾಕ್ಕೊಂಡು ಓದಿದ್ರ ಆತು,” ಎಂದರು ಅಮರೇಶ. ಬಾಲ್ಕನಿಯಲ್ಲಿ ವಾಷಿಂಗ್ ಮಶೀನು, ಈರುಳ್ಳಿ ಚೀಲ ಮತ್ತು ಅವರ ಬೂಟುಗಳಿವೆ. ಅವರೆಲ್ಲ ನನಗಿಂತ ಮೊದಲು ಬಂದವರು.

ಆದ್ದರಿಂದ ಮಹಾಶಯರೇ, ತಮ್ಮ ಸನ್ನಿಧಿಯಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ತಾವಿಬ್ಬರೂ ಪರಸ್ಪರ ಸಮಾಲೋಚಿಸಿ, ನಾಳೆ ಮಧ್ಯಾಹ್ನದೊಳಗೆ, ಜೀವಕ್ಕೆ ಅಪಾಯವಿಲ್ಲದಂಥ, ಆದರೆ ಗಂಡಸರ ಉತ್ಸಾಹಕ್ಕೆ ಸಾಕಾಗುವಂಥ ಒಂದು ಬಿರುಕನ್ನು ಬಿಟ್ಟುಕೊಡಬೇಕು. ಅದು ಮರಳುಗಾಡಿನ ನಡುವೆ ಆಗಬಾರದು, ಇಲ್ಲಿಯೇ, ಸಮುದ್ರ ಕಾಣುವ ದಿಕ್ಕಿಗೆ ಮುಖ ಮಾಡಿ ನಿಂತಿರುವಾಗಲೇ ಆಗಬೇಕು. ಬಿರುಕು ಬಿಡುವುದು ತಮ್ಮ ಘನತೆಗೆ ಕುಂದೆನಿಸಿದರೆ ರಜೆ ಹಾಕಿ ಅಮೆರಿಕಕ್ಕೆ ಹೋಗಿಬನ್ನಿ. ತಮ್ಮ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ರದ್ದುಮಾಡಿಸುವ ಓಡಾಟವನ್ನು ನಾನೇ ಮಾಡುತ್ತೇನೆ, ಸಾಲಿನಲ್ಲಿ ನಿಂತು ನನಗೆ ಅಭ್ಯಾಸವಿದೆ. ಅದೂ ಆಗದಿದ್ದರೆ, ಗಂಡಸರನ್ನು ಮಾತ್ರ ಒಯ್ದು ಕಿಟಕಿ, ಸೀಟು ಮತ್ತು ಆ ಬೆರಳಗಲ ಸಮುದ್ರವನ್ನು ಇಲ್ಲಿಯೇ ಬಿಟ್ಟುಹೋಗುವ ತಾಂತ್ರಿಕ ಏರ್ಪಾಟೊಂದನ್ನು ರೂಪಿಸಬೇಕು. ಎಂಟು ಕೊಳವೆಗಳ ಹೊಗೆಯನ್ನು ಬೇರೆ ಬೇರೆಯಾಗಿ ಒಯ್ಯಬಲ್ಲ ತಮಗೆ ಇದು ಕಷ್ಟವಾಗಲಾರದು. ಪ್ರತಿಯೊಂದು ಬಾಯಿಗೂ ಅದರದೇ ಒಂದು ದಾರಿ ಬೇಕು ಎಂಬ ತತ್ವವನ್ನು ಈ ಮನೆಯಲ್ಲಿ ಒಪ್ಪಿಸಿದವರು ತಾವೇ ಅಲ್ಲವೇ?

ನಾಳೆ ಬೆಳಗಿನವರೆಗೆ ತಮ್ಮ ಉತ್ತರಕ್ಕೆ ಕಾಯುತ್ತೇನೆ. ಬಾರದಿದ್ದರೆ, ಇಷ್ಟು ವರ್ಷ ರಿಫೈನರಿಯವರ ಜೊತೆ ಸಂಸಾರ ಮಾಡಿ ಕಲಿತದ್ದನ್ನು ಬಳಸಬೇಕಾಗುತ್ತದೆ ಎಂದು ಅತ್ಯಂತ ಗೌರವದಿಂದ ತಿಳಿಸುತ್ತೇನೆ.

ತಮ್ಮ ಬಿಸಿಗೆ ಗೋಂದು ಕರಗಿದರೂ ಪುಟ ಬಿಡದ, ತಮ್ಮ ವಿಶ್ವಾಸಿ,
ಕಾಂಚನಾ

ಸಹಿಯ ನಂತರ ಸೇರಿಸಿದ್ದು, ಗುರುವಾರ ಸಂಜೆ: ತಮ್ಮಿಂದ ಉತ್ತರ ಬರಲಿಲ್ಲ. ಬೆಳಿಗ್ಗೆ ಅಮರೇಶ ಅವರ ಪೆಟ್ಟಿಗೆಯಿಂದ ಆರು ತೂತಿನ ಕೊಂಡಿಯನ್ನೂ ಒಂದು ಕೆಂಪು ಬೀಗವನ್ನೂ ತೆಗೆದುಕೊಂಡು ಹೋಗಿ, ಬ್ಯಾಟರಿ ಸ್ವಿಚ್ಚನ್ನು ಬಂದ್ ಮಾಡಿ, ಬೀಗ ಜಡಿದು, ಚೀಟಿ ತೂಗುಹಾಕಿದೆ. ಹೆಸರು: ಕಾಂಚನಾ. ಕೆಲಸ: ಓದು. ಮುಗಿಯುವ ಸಮಯ: ಹೇಳಲಾಗದು. ಮಧ್ಯಾಹ್ನ ಗಂಡಸರು ಐಸ್ ಪೆಟ್ಟಿಗೆ, ಇದ್ದಿಲು, ಮಸಾಲೆ ಹಚ್ಚಿದ ಕೋಳಿ ಹೊತ್ತು ಇಳಿದರು. ನಾನು ಒಳಗೆ ಸೀಟಿನಲ್ಲಿ ಕೂತು ಬಿಡಿ ಪುಟಗಳನ್ನು ಜೋಡಿಸುತ್ತಿದ್ದೆ, ಕಿಟಕಿ ತೆರೆದಿತ್ತು. “ಒಂದು ಹ್ಯಾಕ್‌ಸಾ ಬ್ಲೇಡ್ ಸಾಕು ಮಾರಾಯ್ರೆ, ಎರಡು ನಿಮಿಷದ ಕೆಲಸ,” ಎಂದರು ಪುರಂದರ. ಅಮರೇಶ ಅವರು ಚೀಟಿಯನ್ನು ಓದಿದರು. ಬೀಗದ ಮೇಲೆ ಕೈಯಿಟ್ಟರು. ಆಮೇಲೆ ಕೈ ತೆಗೆದರು. “ಇಲ್ರಿ, ಹಂಗ ಮಾಡಾಕ ಬರೂದಿಲ್ಲ. ಬೀಗ ಆಕೀದು,” ಎಂದರು. ಅವರು ಪುರಂದರ ಅವರ ಹಳೆಯ ಕಾರಿನಲ್ಲಿ ಹೋದರು, ಕೋಳಿಯೂ ಹೋಯಿತು. ತಾವು ಮಾತ್ರ ನನ್ನ ಮೇಜಿನ ಕೆಳಗೆ ತಣ್ಣಗೆ ಉಳಿದಿರಿ, ಹೊಸ ಹುದ್ದೆಗೆ ನನ್ನ ಅಭಿನಂದನೆ.

ಕತ್ತಲಾಗುವ ಮುಂಚೆ ಮೇಲೆ ಬಂದು ಅಕ್ಕಿ ತೊಳೆಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಪುಷ್ಪಾವತಿ ನಿಂತಿದ್ದರು, ಕೈಯಲ್ಲಿ ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಹಾಕುವ ಪುಟ್ಟ ಹಿತ್ತಾಳೆ ಬೀಗ. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಕಾಂಚನಕ್ಕ, ಆ ಕೊಂಡಿಯಲ್ಲಿ ಇನ್ನೂ ಐದು ತೂತು ಉಂಟಲ್ಲ, ನನ್ನದೂ ಒಂದು ಹಾಕುವನಾ? ನನಗೆ ಓದ್ಲಿಕ್ಕೆಲ್ಲ ಇಲ್ಲ. ಸುಮ್ಮನೆ ಕೂತ್ಕೊಳ್ಳಿಕ್ಕೆ.”