ಗಂಟೆ ಬಾರಿಸುವವರೆಗೆ ಕಣ್ಣು ತೆರೆಯಬಾರದು

ಮಕ್ಕಳ ಶಿಬಿರ ನಡೆಸುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಆದ ದಿನ ಮೈ ನಡುಗುತ್ತದೆ, ನಗು ಬರುವುದು ಆಮೇಲೆ. ನಾನು ಈ ಮೊದಲು ಏನನ್ನೂ ಬರೆದವಳಲ್ಲ. ಓದುವವರಿಗೆ ಗೊಂದಲವಾಗದಿರಲಿ ಎಂದು ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಹಿಂದಿನ ಓಣಿಯಲ್ಲಿ ನಮ್ಮ ಬುದ್ಧ ವಿಹಾರವಿದೆ. ಬೇಸಿಗೆ ರಜೆಯಲ್ಲಿ ಅಲ್ಲಿ ಮಕ್ಕಳಿಗೆ ಹಗಲು ಶಿಬಿರ. ಹಗಲು ಶಿಬಿರ ಎಂದರೆ ಮುಂಜಾನೆ ಬಂದು ಸಂಜೆ ಮನೆಗೆ ಹೋಗುವುದು, ವಸತಿ ಇಲ್ಲ, ಭಾನುವಾರ ರಜೆ. ನಮ್ಮವರ ಮಕ್ಕಳಷ್ಟೇ ಅಲ್ಲ, ಎಲ್ಲರ ಮಕ್ಕಳೂ ಬರುತ್ತಾರೆ. ಹಾಡು, ಚಿತ್ರ, ಬುದ್ಧನ ಕತೆ, ಪಂಚಶೀಲ ಇರುತ್ತವೆ. ಪಂಚಶೀಲದ ಮೊದಲನೆಯದು ಯಾವ ಜೀವವನ್ನೂ ಕೊಲ್ಲಬಾರದು ಎಂಬುದು. ಇದು ಮುಂದೆ ಬೇಕಾಗುತ್ತದೆ, ನೆನಪಿಡಿ. ರೊಟ್ಟಿ ಮನೆಯಿಂದ, ಅನ್ನ ಸಾರು ನಮ್ಮದು. ಊಟಕ್ಕೆ ಮುಂಚೆ ಧ್ಯಾನ. ಅದಕ್ಕೆ ನಿಯಮ ಒಂದೇ: ಏನೇ ಆಗಲಿ, ಗಂಟೆ ಬಾರಿಸುವವರೆಗೆ ಕಣ್ಣು ತೆರೆಯಬಾರದು. ಮಕ್ಕಳನ್ನು ಕಳಿಸುವ ತಂದೆತಾಯಿಗಳು ಬೇರೇನೂ ತಿಳಿಯದಿದ್ದರೂ ಈ ನಿಯಮವನ್ನು ತಿಳಿದಿರಬೇಕು. ಯಾಕೆ ಎಂದು ಹೇಳುತ್ತೇನೆ.

ಬರೀ ಚಪ್ಪಲಿಗಳು

ಬಬಲೇಶ್ವರದ ಕಡೆಯ ಜೈನಾಪುರದ ರೈತರೊಬ್ಬರು, ಮಗ ಮರೆತುಬಂದ ರೊಟ್ಟಿ ಡಬ್ಬಿಯನ್ನು ಕೊಡಲು ಬೈಕಿನಲ್ಲಿ ಬಂದರು. ನಡುಮಧ್ಯಾಹ್ನ. ಆ ಹೊತ್ತಿಗೆ ನಮ್ಮ ಓಣಿ ಹೇಗಿರುತ್ತದೆಂದರೆ, ಗ್ಯಾರೇಜುಗಳ ಸುತ್ತಿಗೆ ಸದ್ದೂ ನಿಂತು, ನಾಯಿ ಕೂಡ ಕಾಣುವುದಿಲ್ಲ. ವಿಹಾರದ ಬಾಗಿಲ ಹೊರಗೆ ಸಣ್ಣ ಸಣ್ಣ ಚಪ್ಪಲಿಗಳ ರಾಶಿ. ಒಳಗೆ ಉಸಿರಿನ ಸದ್ದೂ ಇಲ್ಲ.

ಅವರು ಕಿಟಕಿಯಲ್ಲಿ ಇಣುಕಿದರು. ಸಾಲು ಸಾಲು ಮಕ್ಕಳು, ನೆಟ್ಟಗೆ ಕೂತು, ಕಣ್ಣು ಮುಚ್ಚಿ. ಮುಂದಿನ ಸಾಲಿನಲ್ಲಿ ಅವರ ಮಗ.

"ಲೇ ತಮ್ಮಾ!"

ಯಾರೂ ಅಲುಗಲಿಲ್ಲ.

"ಲೇ, ಡಬ್ಬಿ ತಂದೇನಲೇ!"

ಡಬ್ಬಿಯೇ ಕೈಯಿಂದ ಜಾರಿತು. ಮುಚ್ಚಳ ಕಟ್ಟೆಯ ಮೇಲೆ ಗರಗರನೆ ತಿರುಗಿ, ತಿರುಗಿ, ಕೊನೆಗೆ ನಿಂತಿತು. ಒಂದು ಕಣ್ಣೂ ತೆರೆಯಲಿಲ್ಲ. ನಾನು ಅಡುಗೆಮನೆಯಿಂದ ಓಡಿ ಬಂದಾಗ ಅವರು ಗೋಡೆ ಹಿಡಿದು ನಿಂತಿದ್ದರು.

"ಅಕ್ಕಾರ, ಹುಡುಗೂರಿಗೆ ಏನ್ ಮಾಡೀರಿ?"

"ಏನೂ ಇಲ್ರಿ, ಧ್ಯಾನ ಮಾಡಾಕತ್ತಾರ."

"ನಮ್ಮಾಂವ ನಿದ್ದಿ ಮಾಡೂ ಮುಂದೂ ಇಷ್ಟ ಸುಮ್ನ ಇರಂಗಿಲ್ರಿ!"

ನಾನು ನೀರು ಕೊಟ್ಟು, ನಿಯಮವನ್ನು ತಿಳಿಸಿ ಹೇಳಿದೆ. ನೀರು ಕುಡಿದರು, ಬೆವರು ಒರೆಸಿಕೊಂಡರು, ಮತ್ತೊಮ್ಮೆ ಕಿಟಕಿಯಲ್ಲಿ ಮಗನನ್ನು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಐತವಾರನೂ ಇಟಗೊಳ್ತೀರೇನ್ರಿ?"

ಹಸಿದವರು ಯಾರು

ಗಂಟೆಯನ್ನು ಹಿತ್ತಲ ಕಡೆಯ ಕಿಟಕಿಯ ಬಳಿ ತೂಗುಹಾಕಿದ್ದೇವೆ. ಹಿತ್ತಾಳೆಯದು. ಬಾರಿಸುವ ಕೋಲು ನನ್ನ ಹತ್ತಿರವೇ ಇರುತ್ತದೆ. ಒಂದು ದಿನ ನಾನೂ ಮಕ್ಕಳ ಎದುರು ಕಣ್ಣು ಮುಚ್ಚಿ ಕೂತಿದ್ದೆ. ಗಂಟೆ ಬಾರಿಸಿತು. ಕಣ್ಣು ತೆರೆದು ನೋಡಿದರೆ ಕೋಲು ನನ್ನ ತೊಡೆಯ ಮೇಲಿತ್ತು.

ಗಂಟೆ ಇನ್ನೂ ತೂಗಾಡುತ್ತಿತ್ತು. ಗಾಳಿ ಇರಲಿಲ್ಲ, ಕಿಟಕಿಯ ಪರದೆ ಅಲುಗುತ್ತಿರಲಿಲ್ಲ. ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹೊರಗೆ ಬಿಸಿಲು, ಬಿಸಿಲಿನಾಚೆ ಗೋಡೆ. ಕಾಗೆ ಇರಬಹುದು ಎಂದು ನೋಡಿದೆ, ಕಾಗೆಯೂ ಇಲ್ಲ.

"ಯಾರ್ ಬಾರಿಸಿದ್ರಿ?" ಎಂದೆ. ದನಿ ನನ್ನದೇ ಅನಿಸಲಿಲ್ಲ.

ಟಿಕೋಟಾದ ಹುಡುಗಿಯೊಬ್ಬಳು ಸಮಾಧಾನದಿಂದ ಹೇಳಿದಳು: "ಯಾರರೆ ಇರ್ಲಿ ಟೀಚರ್, ಅವ್ರಿಗೂ ಹಸಿವಿ ಆಗಿರಬೇಕು. ಊಟಕ್ಕ ಬಡಸ್ರಿ."

ಅಡುಗೆಯಾಕೆ ಒಂದು ತಾಟು ಹೆಚ್ಚಿಗೆ ಹಾಕಿದಳು. ಅದರ ಮುಂದೆ ಯಾರೂ ಕೂರಲಿಲ್ಲ. ಆದರೆ ತೊಳೆಯಲು ಬಂದಾಗ ಅದೂ ಖಾಲಿಯಾಗಿತ್ತು. "ಉಪ್ಪು ಸರಿ ಆಗಿತ್ತು ಅಂತ ಆತು" ಎಂದಳು ಅಡುಗೆಯಾಕೆ.

ಎಮ್ಮೆ ಬಿಡಿಸಿದ ಧ್ಯಾನ

ಆ ಹುಡುಗಿಯ ಬಗ್ಗೆ ಸ್ವಲ್ಪ ಹೇಳಬೇಕು. ಅವಳ ಅಪ್ಪನದೇ ಟೆಂಪೋ. ಕಳ್ಳಕವಟಗಿ, ಟಿಕೋಟಾದ ಮಕ್ಕಳೆಲ್ಲ ಅದರಲ್ಲೇ ಬರುತ್ತಾರೆ. ಟೆಂಪೋ ನಿಂತರೆ ಶಿಬಿರವೇ ನಿಂತಂತೆ. ಟೆಂಪೋ ಅಪ್ಪನದಾದರೂ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು. ಅಜ್ಜಿಗೆ ಕಿವಿ ಕೇಳುವುದಿಲ್ಲ. ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಆದರೂ ಗಂಟೆಯ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು.

ಅದರ ಮರುದಿನ ಸಂಜೆಯೇ ಮೊಮ್ಮಗಳು ದನದ ಕೊಟ್ಟಿಗೆಯಲ್ಲಿ ಒಬ್ಬಳೇ ಕಣ್ಣು ಮುಚ್ಚಿ ಕೂತದ್ದು ಅಜ್ಜಿಗೆ ಕಂಡಿತು. ಪಕ್ಕದಲ್ಲಿ ಎಮ್ಮೆಯೂ ಕಣ್ಣು ಮುಚ್ಚಿತ್ತಂತೆ. ಅಜ್ಜಿ ಕೂಗಿದರು, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಹುಡುಗಿ ಕಣ್ಣು ತೆರೆಯಲಿಲ್ಲ. ನಿಯಮ ನಿಯಮವೇ, ಮನೆಯಲ್ಲಿ ಗಂಟೆ ಬಾರಿಸುವವರಿರಲಿಲ್ಲ. ಕೊನೆಗೆ ಎಮ್ಮೆ ನೊಣಕ್ಕೆ ಕತ್ತು ಕೊಡವಿತು, ಕೊರಳ ಗಂಟೆ ಬಾರಿಸಿತು, ಹುಡುಗಿ ಎದ್ದು ಕೈಮುಗಿದು ಊಟಕ್ಕೆ ಹೋದಳು.

ಟೆಂಪೋದವರು ನನ್ನ ಮುಂದೆ ತಲೆ ಕೆರೆದುಕೊಂಡರು. "ನಮ್ಮವ್ವ ನಾಳಿ ತಾನೇ ಬಂದು ನೋಡ್ತಾಳಂತ್ರಿ. ಇಲ್ಲಿ ದೆವ್ವ ಐತಿ ಅಂದ್ಲಂದ್ರ ಟೆಂಪೋ ಬಂದ್."

"ಎಮ್ಮಿಗೂ ನಾವೇ ಕಲಿಸೇವಂತೇನ್ರಿ?" ಎಂದೆ.

"ಎಮ್ಮಿಗೆ ಆಗಲೇ ತಾಯತ ಕಟ್ಯಾಳ್ರಿ."

ಅಜ್ಜಿ ಬಂದರು

ಅಜ್ಜಿ ಮುಂದಿನ ಸೀಟಿನಲ್ಲೇ ಬಂದರು, ಸೆರಗಿನ ಗಂಟಿನಲ್ಲಿ ನಿಂಬೆಹಣ್ಣು. ನೇರ ಒಳಗೆ ಹೋಗಿ, ಕೂಲರ್ ಎದುರಿನ ಗೋಡೆಗೆ ಒರಗಿ ಕೂತರು. ನಾನು ಕಿವಿಗೆ ಬಾಯಿ ಹಚ್ಚಿ ಕೂಗಿದೆ: "ಗಂಟಿ ಬಾರ್ಸೂತನಕ ಕಣ್ಣ ತೆರಿಬಾರ್ದು ಬೇ!"

"ತಿಳೀತು ತಗೀ. ನಾ ಏನ್ ಸಣ್ಣ ಹುಡುಗಿ ಅಲ್ಲ."

ಧ್ಯಾನ ಮುಗಿಯಿತು. ಗಂಟೆ ಬಾರಿಸಿದೆ. ಮಕ್ಕಳೆಲ್ಲ ಎದ್ದರು. ಅಜ್ಜಿ ಏಳಲಿಲ್ಲ.

ಮತ್ತೆ ಬಾರಿಸಿದೆ, ಜೋರಾಗಿ. ಇಲ್ಲ. ಒಂದು ನೊಣ ಅಜ್ಜಿಯ ಮೂಗಿನ ಮೇಲೆ ಕೂತಿತು, ಮೆಲ್ಲಗೆ ಕಣ್ಣ ರೆಪ್ಪೆಯವರೆಗೆ ನಡೆಯಿತು. ರೆಪ್ಪೆ ಅದುರಲಿಲ್ಲ. ಮಕ್ಕಳು ಬಾಗಿಲ ಕಡೆ ಸರಿದರು.

"ಟೀಚರ್, ನೊಣಾ ಹೊಡೀಲೇನ್ರಿ?" ಎಂದು ಒಬ್ಬ ಪಿಸುಗುಟ್ಟಿದ.

"ಬ್ಯಾಡಲೇ, ಪಂಚಶೀಲ!" ಎಂದ ಇನ್ನೊಬ್ಬ.

ನಾನು ಅಜ್ಜಿಯ ಕೈ ಮುಟ್ಟಿದೆ. ನೀರಿನ ಮಡಕೆಯಷ್ಟು ತಣ್ಣಗಿತ್ತು. ಕೂಲರ್ ಗಾಳಿಗೆ ಯಾರ ಕೈಯಾದರೂ ತಣ್ಣಗಾಗುತ್ತದೆ ಎಂದು ಆಗ ಹೊಳೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಮಗ "ಯವ್ವಾ..." ಎಂದವರು ಹಾಗೇ ನೆಲಕ್ಕೆ ಕುಸಿದು ಕೂತರು.

ಮೊಮ್ಮಗಳೊಬ್ಬಳೇ ಹೆದರಲಿಲ್ಲ. ನಡೆದು ಹೋದಳು, ಅಜ್ಜಿಯ ಕಿವಿಗೆ ಬಾಯಿ ಹಚ್ಚಿದಳು.

"ಯಜ್ಜೀ! ಗಂಟಿ ಆತು!"

ಅಜ್ಜಿ ಕಣ್ಣು ತೆರೆದರು.

"ಈಗ ಆತೇನ? ಎಷ್ಟೊತ್ತು ಕುಂದ್ರಸ್ತೀರಿ ಯಪ್ಪಾ, ಮೊಣಕಾಲು ಸತ್ತು ಹೋದುವು."

ಮಗ ತೆವಳುತ್ತಲೇ ಹತ್ತಿರ ಬಂದು, ಕಿವಿಗೆ ಕೂಗಿದರು: "ಯವ್ವಾ, ಇಲ್ಲಿ ದೆವ್ವ ಐತೇನು? ಟೆಂಪೋ ಬಂದ್ ಮಾಡ್ಲೇನು?"

ಅಜ್ಜಿ ಗೋಡೆ ನೋಡಿದರು, ಗಂಟೆ ನೋಡಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೆರಗಿನ ಗಂಟು ಬಿಚ್ಚಿ ನಿಂಬೆಹಣ್ಣನ್ನು ಅಡುಗೆಯಾಕೆಯ ಕೈಗೆ ಕೊಟ್ಟರು, ಸಾರಿಗೆ ಹಿಂಡಲು.

"ನಾಳಿನೂ ತಗೊಂಡು ಬಾರೋ ಹುಚ್ಚಪ್ಯಾಲಿ. ಇಷ್ಟೊತ್ತು ಅಲುಗಾಡದಂಗ ಕುಂದ್ರಸೂ ಸಾಲ್ಯಾಗ ಯಾ ದೆವ್ವ ಉಳೀತೈತಿ?"