ಅಜ್ಜಿಯ ಮಂಜಿಗೆ ನನ್ನ ಟಾರ್ಚು

ವಯಸ್ಸಾದವರನ್ನು ಕಂಡ ಕೂಡಲೇ ನಮ್ಮ ಜನರಿಗೆ ಪರೀಕ್ಷೆ ನಡೆಸುವ ಉಮೇದು ಎಲ್ಲಿಂದ ಬರುತ್ತದೋ ತಿಳಿಯದು. ಮದುವೆಮನೆಯಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತ ಅಜ್ಜಿಯ ಮುಂದೆ ಬಂದು ನಿಲ್ಲುತ್ತಾರೆ. ಚೆನ್ನಾಗಿದ್ದೀರಾ ಎಂಬ ಮಾತಿಲ್ಲ, ಊಟವಾಯಿತೇ ಎಂಬ ವಿಚಾರಣೆಯಿಲ್ಲ, ನೇರವಾಗಿ "ನಾನ್ಯಾರು ಏಳಿ ನೋಡನ" ಎನ್ನುತ್ತಾರೆ. ಸರಿಯಾಗಿ ಹೇಳಿದರೆ ಬಹುಮಾನವೇನೂ ಇಲ್ಲ. ಹೇಳದಿದ್ದರೆ "ಅಯ್ಯೋ ಪಾಪ, ಪೂರ್ತಿ ಮರ್ತೋಗದೆ" ಎಂದು ಅಜ್ಜಿಯ ಎದುರೇ ಪಕ್ಕದವರಿಗೆ ಫಲಿತಾಂಶ ಪ್ರಕಟಿಸಿ ಊಟದ ಸಾಲಿನ ಕಡೆ ನಡೆಯುತ್ತಾರೆ. ಇಂಥವರನ್ನು ಚೆನ್ನಾಗಿ ಬೈದು ಬರೆಯಬೇಕೆಂದೇ ನಾನು ಕೂತದ್ದು. ಆದರೆ ನಮ್ಮ ಮನೆಯಲ್ಲಿ ಈ ಪರೀಕ್ಷಾ ಮಂಡಳಿಯ ಅಧ್ಯಕ್ಷೆ ನಾನೇ ಆಗಿದ್ದರಿಂದ ಬೈಗುಳವನ್ನು ಸ್ವಲ್ಪ ತೂಕ ಮಾಡಿಯೇ ಬಳಸಬೇಕಾಗಿದೆ.

ನಾನು ಹೈಸ್ಕೂಲಿನಿಂದ ದಿನಚರಿ ಬರೆಯುತ್ತಿದ್ದೇನೆ. ಮನಸ್ಸಿನ ಭಾವನೆ, ಕನಸು, ಇಂಥವೆಲ್ಲ ಅದರಲ್ಲಿರುತ್ತವೆಂದು ನನ್ನ ಗೆಳತಿಯೊಬ್ಬಳು ಕದ್ದು ಓದಿ ನಿರಾಶಳಾದಳು. ಅದರಲ್ಲಿರುವುದು ಕರೆಂಟು ಯಾವಾಗ ಹೋಯಿತು, ಗ್ಯಾಸ್ ಸಿಲಿಂಡರು ಎಷ್ಟು ದಿನ ಬಂತು, ಕಾಫಿಗೆ ಸಕ್ಕರೆ ಸಾಲದೆಂದು ಅಪ್ಪ ಆ ವಾರ ಎಷ್ಟು ಸಲ ಹೇಳಿದರು ಎಂಬ ಲೆಕ್ಕ. ಅಪ್ಪನಿಗೆ ಇದರಿಂದ ಸಕ್ಕರೆ ಕೇಳುವುದಕ್ಕೇ ಸಂಕೋಚವಾಗಿದೆ. "ಇವಳ್ನ ಕಟ್ಕಳೋನು ಗೊರಕೆ ಒಡ್ಯಂಗಿಲ್ಲ, ಬರ್ದು ಇಟ್ಬುಡ್ತಾಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಅದನ್ನೂ ಬರೆದಿಟ್ಟಿದ್ದೇನೆ.

ಇಂಥ ನನ್ನ ಕೈಗೆ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ ನಂಜಮ್ಮ, ಸಿಕ್ಕಿಕೊಂಡಳು. ಚಾಮರಾಜನಗರದ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ತಿಂಡಿ ತಿಂದು ತಟ್ಟೆ ತೊಳೆದಿಟ್ಟು ಬಂದವಳು, "ತಿಂಡಿ ಏನ್ ಮಾಡಿದ್ದೀರಿ?" ಎಂದು ಮತ್ತೆ ಕೂತಾಗ ಮರೆವು ಶುರುವಾಗಿದೆಯೆಂದು ನಮಗೆ ತಿಳಿಯಿತು. ನಾನು ಕಂಡಂತೆ ಅಜ್ಜಿಯ ತಲೆಗೆ ಇಳಿದದ್ದು ಮಂಜು. ಆದರೆ ಊರಿನ ಮಂಜಿನಂತಲ್ಲ. ಊರಿನ ಮಂಜಿನಲ್ಲಿ ಪಕ್ಕದ ಮನೆಯ ಗೇಟು ಕಾಣುತ್ತದೆ, ದೂರದ ಬೆಟ್ಟ ಕಾಣುವುದಿಲ್ಲ. ಅಜ್ಜಿಯ ಮಂಜು ತಿರುಗುಮುರುಗು. ಅರವತ್ತು ವರ್ಷದ ಹಿಂದೆ ಅವರ ಮನೆಯಲ್ಲಿದ್ದ ಎಮ್ಮೆಯ ಕೋಡು ಯಾವ ಕಡೆ ಬಾಗಿತ್ತೆಂಬುದು ಸ್ಪಷ್ಟವಾಗಿ ಕಾಣುತ್ತದೆ, ಎದುರಿಗೆ ನಿಂತ ಅಳಿಯ ಕಾಣುವುದಿಲ್ಲ. ಡಾಕ್ಟರು "ವಯಸ್ಸಿನದು. ಮಾತಾಡಿಸ್ತಾ ಇರಿ" ಎಂದರು. ಮಾತಾಡಿಸುವುದೆಂದರೆ ಪ್ರಶ್ನೆ ಕೇಳುವುದೆಂದು ನಾನು ಅರ್ಥಮಾಡಿಕೊಂಡೆ.

ದಿನಾ ಸಂಜೆ ಮದುವೆ ಆಲ್ಬಮ್ಮಿನ ಫೋಟೊಗಳನ್ನು ಮುಂದಿಟ್ಟು ಹೆಸರು ಕೇಳುತ್ತಿದ್ದೆ. ಸರಿಗೆ ಒಂದು ಗುರುತು, ತಪ್ಪಿಗೆ ಇನ್ನೊಂದು. ಅಜ್ಜಿ ಸುಲಭಕ್ಕೆ ಸಿಗುವವಳಲ್ಲ. "ಈ ಗಡ್ಡದವರು ಯಾರು ಹೇಳಜ್ಜಿ" ಎಂದರೆ "ಮೊದ್ಲು ಗಡ್ಡ ಬೋಳಿಸ್ಕೊಂಡು ಬರಕ್ಕೇಳು, ಆಮ್ಯಾಕೆ ಏಳ್ತೀನಿ" ಎನ್ನುವಳು. "ಈ ಹಸಿರು ಸೀರೆಯವರು?" ಎಂದರೆ "ಅಯ್, ಗೊತ್ತಿಲ್ದೆ ಏನಮ್ಮಿ, ನಮ್ಮೋರೇ ಅಲ್ವಾ" ಎನ್ನುವಳು. ಇದಕ್ಕೆ ಅರ್ಧ ಅಂಕ ಕೊಡಬೇಕೋ ಬೇಡವೋ ಎಂದು ನಾನು ಬಹಳ ಯೋಚಿಸಿದ್ದೇನೆ. ಬರುಬರುತ್ತಾ ಸಂಜೆಯಾದರೆ ಅಜ್ಜಿಗೆ ತಲೆನೋವು ಬರತೊಡಗಿತು. ಅದನ್ನು ಬೇರೆ ಸಾಲಿನಲ್ಲಿ ಬರೆದುಕೊಂಡೆ. ಎರಡು ಸಾಲನ್ನೂ ಒಟ್ಟಿಗೆ ಓದಬೇಕೆಂದು ಹೊಳೆಯಲಿಲ್ಲ.

ಹೀಗಿರುವಾಗ ಗುಂಡ್ಲುಪೇಟೆಯಿಂದ ಫೋನು ಬಂತು. ಅಲ್ಲಿ ಅಜ್ಜಿಯ ಒಬ್ಬಳೇ ತಂಗಿ, ನಮ್ಮ ಚಿಕ್ಕಜ್ಜಿ ಸಿದ್ದಮ್ಮ, ಮಗ ಸೊಸೆಯ ಜೊತೆ ಇದ್ದಾಳೆ. ಇಬ್ಬರೂ ಭೇಟಿಯಾಗಿ ಎರಡು ವರ್ಷವಾಗಿತ್ತು. ಚಿಕ್ಕಜ್ಜಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಾಳೆ, ದಿನಾ ಅಕ್ಕಯ್ಯ ಅಕ್ಕಯ್ಯ ಎನ್ನುತ್ತಾಳೆ, ಒಮ್ಮೆ ಕರೆದುಕೊಂಡು ಬನ್ನಿ ಎಂದು ಅವಳ ಸೊಸೆ, ಅಂದರೆ ನನ್ನ ಚಿಕ್ಕಮ್ಮ ಹೇಳಿದರು. ಅಪ್ಪ ಒಪ್ಪಲಿಲ್ಲ. "ಅಷ್ಟು ದೂರ ಓಗಿ ಒಡಹುಟ್ಟಿದ ತಂಗಿನೇ ಅವ್ವ ನೀನ್ಯಾರು ಅಂತ ಕೇಳ್ಬುಟ್ರೆ? ಆ ಜೀವ ತಡ್ಕತದಾ?" ಎಂದರು. ನಾನು ಎದೆ ತಟ್ಟಿಕೊಂಡು ಹೇಳಿದೆ: "ಒಂದು ವಾರ ಬಿಡಿ ಅಪ್ಪ, ನಾನು ರೆಡಿ ಮಾಡ್ತೀನಿ."

ಮಾಡಿಯೂ ಮಾಡಿದೆ. ಆ ವಾರವಿಡೀ ಚಿಕ್ಕಜ್ಜಿಯ ಫೋಟೊ ಒಂದೇ. ಹಲ್ಲುಜ್ಜುವಾಗ ತೋರಿಸಿದೆ, ವಿಭೂತಿ ಇಟ್ಟುಕೊಳ್ಳುವಾಗ ತೋರಿಸಿದೆ. ಕೊನೆಕೊನೆಗೆ ನನ್ನ ಮೊಬೈಲು ಕಂಡರೆ ಸಾಕು, ಅಜ್ಜಿ "ಸಿದ್ದಿ, ನನ್ ತಂಗಿ, ಗುಂಡ್ಲುಪೇಟೆ" ಎಂದು ಒಂದೇ ಉಸಿರಿಗೆ ಒಪ್ಪಿಸಿ ಮಗ್ಗುಲಾಗುತ್ತಿದ್ದಳು. ವಿದ್ಯುತ್ ಬಿಲ್ಲು ತೋರಿಸಿದರೂ ಹಾಗೆಯೇ ಅಂದಳೆಂಬುದನ್ನು ಅಪ್ಪನಿಗೆ ಹೇಳಲಿಲ್ಲ.

ಅಜ್ಜಿ, ನಾನು ಇಬ್ಬರೇ ಹೊರಟ ಬೆಳಿಗ್ಗೆ ಊರೆಲ್ಲ ಮಂಜು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಉಚಿತವಾದ್ದರಿಂದ ಕಂಡಕ್ಟರು ಆಧಾರ್ ಕೇಳಿದ. ಅಜ್ಜಿ ತನ್ನ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, "ಇದ್ಯಾರಮ್ಮಿ ಈ ಗುಮ್ಮ?" ಎಂದಳು. ಆಧಾರ್ ಫೋಟೊದಲ್ಲಿ ತನ್ನನ್ನು ತಾನೇ ಗುರುತಿಸುವುದು ಮರೆವಿಲ್ಲದವರಿಗೂ ಆಗದ ಕೆಲಸವಾದ್ದರಿಂದ ಅದನ್ನು ತಪ್ಪೆಂದು ಎಣಿಸಲಿಲ್ಲ. ಡ್ರೈವರು ಸ್ಟೇರಿಂಗಿನ ಮೇಲೆ ಬಾಗಿಕೊಂಡು ನಿಧಾನ ಹೋಗುತ್ತಿದ್ದ. ಎದುರಿಗೆ ಕಣ್ಣು ಕುಕ್ಕುವ ಲೈಟು ಹಾಕಿಕೊಂಡು ಬಂದ ಬೈಕಿನವನಿಗೆ, "ಡಿಮ್ ಮಾಡ್ಲಾ, ಮಂಜಿಗೆ ಲೈಟ್ ಬುಟ್ರೆ ನಿಂಗೇ ಬರೀ ಬೆಳ್ಳಗ್ ಕಾಣೋದು" ಎಂದು ಕಿಟಕಿಯಿಂದ ಕೂಗಿದ. ನಾನು ಅದಕ್ಕೆ ಕಿವಿಗೊಡಲಿಲ್ಲ, ಉಡಿಗಾಲ ಬರುತ್ತಿತ್ತು. ಅಜ್ಜಿ ಹುಟ್ಟಿ ಬೆಳೆದ ಊರು. "ಅಜ್ಜಿ, ಇದ್ಯಾವ ಊರು ಹೇಳು ನೋಡೋಣ" ಎಂದೆ. ಅಜ್ಜಿ ಹೊರಗೆ ನೋಡಿದಳು. ಬಿಳಿಯ ಗೋಡೆಯಂಥ ಮಂಜಿನಲ್ಲಿ ಒಂದು ಟೀ ಅಂಗಡಿಯ ಬಲ್ಬು ಮಾತ್ರ ಇತ್ತು. "ಅಷ್ಟು ಓದಿದ್ದೀಯ, ಬೋರ್ಡು ನೋಡ್ಕಬಾರ್ದಾ" ಎಂದು ಶಾಲು ಎಳೆದುಕೊಂಡಳು.

ಗುಂಡ್ಲುಪೇಟೆಯ ಮನೆಯ ಜಗಲಿಯಲ್ಲಿ ಚಿಕ್ಕಜ್ಜಿ ಬಿಸಿಲು ಬರುವುದನ್ನು ಕಾಯುತ್ತಾ ಕೂತಿದ್ದಳು. ಅಜ್ಜಿ ಮೆಟ್ಟಿಲು ಹತ್ತಿ ನಿಂತು, ನನ್ನ ಕೈ ಬಿಟ್ಟು, ಜೋರಾಗಿಯೇ "ಸಿದ್ದಿ, ನನ್ ತಂಗಿ, ಗುಂಡ್ಲುಪೇಟೆ" ಎಂದಳು. ಚಿಕ್ಕಜ್ಜಿಯೂ ಅಷ್ಟೇ ಸ್ಪಷ್ಟವಾಗಿ "ಅಕ್ಕಯ್ಯ, ನಂಜಮ್ಮ, ಚಾಮರಾಜನಗರ" ಎಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಜ್ಜಿ ಪಕ್ಕದಲ್ಲಿ ಕೂತಳು. ಮಾತು ಹೀಗೆ ಸಾಗಿತು.

"ಚೆನ್ನಾಗಿದ್ದೀಯಾ?"

"ಇವ್ನಿ. ನೀವು ಚೆನ್ನಾಗಿದ್ದೀರಾ?"

"ಏನೋ, ಅಂಗೇ ನಡೀತಾ ಅದೆ. ಮಕ್ಳು?"

"ಎಲ್ರೂ ಅವ್ರೆ. ನಿಮ್ಮ ಕಡೆ?"

"ನಮ್ಮ ಕಡೆನೂ ಅವ್ರೆ."

"ಈಗೆಲ್ಲ ಮೊದ್ಲಂಗೆ ಎಲ್ಲಿ ಅದೆ?"

"ಅದನ್ನೇ ನಾನೂ ಏಳೋದು."

ಒಂದು ಹೆಸರಿಲ್ಲ, ಒಂದು ಊರಿಲ್ಲ, ಎಲ್ಲಿಯೂ ಸಿಕ್ಕಿಬೀಳದ ಮಾತು. ಎಲ್ಲೋ ಕೇಳಿದ್ದೇನಲ್ಲ ಎಂದುಕೊಳ್ಳುವಾಗಲೇ, ಅಕ್ಕನಿಗೆ ಯಾರಾದರೂ "ನೀವು" ಎನ್ನುತ್ತಾರೆಯೇ ಎಂದು ಅನುಮಾನವಾಯಿತು. ಚಿಕ್ಕಮ್ಮ ಕಣ್ಸನ್ನೆ ಮಾಡಿ ನನ್ನನ್ನು ಅಡುಗೆಮನೆಗೆ ಕರೆದರು. "ಬೇಜಾರ್ ಮಾಡ್ಕಬೇಡ ಕಣಮ್ಮಿ, ಫೋನಲ್ಲಿ ಏಳಕ್ಕೆ ಆಗ್ಲಿಲ್ಲ. ಅತ್ತೆಗೆ ಬಿದ್ದ ಮ್ಯಾಲೆ ತಲೇಲಿ ಏನೂ ನಿಲ್ತಿಲ್ಲ. ಅಕ್ಕಯ್ಯ ಅಂತಾರೆ, ಆದ್ರೆ ಅವ್ರ ಕಣ್ಣಲ್ಲಿ ಅಕ್ಕಯ್ಯ ಇನ್ನೂ ಎರಡು ಜಡೆ ಉಡ್ಗಿ. ನಿಮ್ಮಜ್ಜಿ ಮುಂದೆ ನೀವ್ಯಾರು ಅಂದ್ಬುಟ್ರೆ ಏನ್ ಗತಿ ಅಂತ ನಾನೇ ಫೋಟೊ ತೋರ್ಸಿ ತೋರ್ಸಿ ಏಳ್ಕೊಟ್ಟಿವ್ನಿ" ಎಂದರು. ನಾನು ಮೊಬೈಲು ತೆಗೆದು, ವಾರವಿಡೀ ಅಜ್ಜಿಗೆ ತೋರಿಸಿದ ಫೋಟೊ ತೋರಿಸಿದೆ. ಚಿಕ್ಕಮ್ಮ ತಮ್ಮ ಮೊಬೈಲು ತೆಗೆದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗು, ದುಪಟ್ಟಾ ಬಾಯಿಗೊತ್ತಿಕೊಂಡು ನಕ್ಕೆವು. ನಗು ಮುಗಿದ ಮೇಲೆ ಇಬ್ಬರಿಗೂ ಭಯವಾಯಿತು. ಹೊರಗೆ ಕೂತಿದ್ದವರು, ಒಬ್ಬರಿಗೊಬ್ಬರು ಯಾರೂ ಅಲ್ಲದ ಇಬ್ಬರು ಮುದುಕಿಯರು. ಬಾಯಿಪಾಠ ಮುಗಿದಿತ್ತು, ಇನ್ನು ಮುಂದೆ ಅವರು ಏನು ಮಾತಾಡಬೇಕು?

ಚಿಕ್ಕಮ್ಮನಿಗೆ ಬೇರೇನೂ ತೋಚದೆ, ಮಧ್ಯಾಹ್ನದ ಸಾರಿಗೆಂದು ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯನ್ನು ತಂದು ಇಬ್ಬರ ನಡುವೆ ಇಟ್ಟರು. ಅಜ್ಜಿ ನೋಡಿದಳು, ಬಳೆ ಹಿಂದಕ್ಕೆ ಸರಿಸಿದಳು. ಯಾರೂ ಹೇಳಲಿಲ್ಲ. ಎರಡು ಬೆರಳ ನಡುವೆ ಕಾಳು ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಪಾತ್ರೆಗೆ, ಸಿಪ್ಪೆ ಮಡಿಲಿಗೆ. ಚಿಕ್ಕಜ್ಜಿಯೂ ಕೈ ಹಾಕಿದಳು. ನಾಲ್ಕು ಕೈಗಳು ಒಂದಕ್ಕೊಂದು ತಾಗದ ಹಾಗೆ, ಒಬ್ಬರು ತೆಗೆಯುವಾಗ ಒಬ್ಬರು ಹಾಕುತ್ತಾ, ಎಲ್ಲೋ ತಾಲೀಮು ಮಾಡಿ ಬಂದವರಂತೆ ನಡೆದವು. ಸ್ವಲ್ಪ ಹೊತ್ತಿಗೆ ಅಜ್ಜಿಯ ಗದರಿಕೆ ಕೇಳಿಸಿತು.

"ಏನಮ್ಮಿ ಇದು, ಸಿಪ್ಪೆನೂ ಬೇಳೆನೂ ಒಂದೇ ಕಡೆ ಹಾಕ್ತಾ ಇದ್ದೀಯ. ಅವ್ವ ನೋಡುದ್ರೆ ಸುಮ್ನಿರ್ತಾಳಾ?"

ಚಿಕ್ಕಜ್ಜಿ ಬೀದಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅವ್ವಂಗೆ ಏಳ್ಬೇಡ ಕಣೆ" ಎಂದಳು.

"ಏಳಕ್ಕಿಲ್ಲ, ಬುಡು" ಎಂದು ಅಜ್ಜಿ ಅವಳ ಬೇಳೆಯಿಂದ ಸಿಪ್ಪೆ ಆರಿಸಿಕೊಟ್ಟಳು.

ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನೂ ಚಿಕ್ಕಮ್ಮನೂ ಅಲ್ಲಿಂದ ಅಲುಗಲಿಲ್ಲ. ಅನ್ನ ಸೀದ ವಾಸನೆ ಬಂದಾಗಲೇ ಒಳಗೆ ಓಡಿದ್ದು.

ಮಧ್ಯಾಹ್ನ ಹೊರಡುವಾಗ ಚಿಕ್ಕಜ್ಜಿ ಅಜ್ಜಿಯ ಹಣೆಗೆ ಕುಂಕುಮವಿಟ್ಟು "ಮತ್ತೆ ಬನ್ನಿ" ಎಂದಳು. ಮತ್ತೆ "ನೀವು" ಬಂದಿತ್ತು. ಬಸ್ಸಿನಲ್ಲಿ ಕೂತ ಮೇಲೆ ಅಜ್ಜಿ ತಾನಾಗಿಯೇ ಹೇಳಿದಳು. "ಪಾಪ, ಆಯಮ್ಮಂಗೆ ನಾನ್ಯಾರು ಅಂತ್ಲೇ ಗೊತ್ತಾಗ್ಲಿಲ್ಲ. ಅಕ್ಕಯ್ಯ ಅಂದ್ಲು. ನಾನೂ ಊಂ ಅಂದ್ಬುಟ್ಟೆ. ಅಷ್ಟು ಆಸೆಯಿಂದ ಕರೆಯೋವಾಗ ಅಲ್ಲ ಅನ್ನಕ್ಕಾಯ್ತದಾ?" ಹೊರಗೆ ಮಂಜಿನ ಸುಳಿವೂ ಇರಲಿಲ್ಲ. ಹೊಲ, ತೆಂಗು, ದೂರದ ಬೆಟ್ಟದ ಸಾಲು, ಎಲ್ಲ ತೊಳೆದಿಟ್ಟಂತೆ ನಿಂತಿದ್ದವು. ಅಜ್ಜಿ ನನ್ನ ಕಡೆ ತಿರುಗಿ, ಅಪರಿಚಿತರನ್ನು ಮಾತಾಡಿಸುವ ಆ ಮೆದು ದನಿಯಲ್ಲಿ ಕೇಳಿದಳು: "ನೀನೆಲ್ಲಿ ಇಳೀಬೇಕಮ್ಮಿ?"

ನಾನ್ಯಾರು ಎಂದು ಅವಳಿಗೆ ಹೇಳಿಕೊಡಲು ನಾಲಿಗೆ ತುದಿಗೆ ಮಾತು ಬಂದಿತ್ತು. ಹೆಸರು, ಯಾರ ಮಗಳು, ಎಷ್ಟನೆಯ ಮೊಮ್ಮಗಳು, ಎಲ್ಲ. ನುಂಗಿಕೊಂಡೆ. "ನೀನೆಲ್ಲಿ ಇಳೀತೀಯೋ ಅಲ್ಲೇ ಅಜ್ಜಿ" ಎಂದೆ. "ಅಂಗಾದ್ರೆ ಒಳ್ಳೇದೇ ಆಯ್ತು. ಊರು ಬಂದಾಗ ಎಬ್ಬುಸ್ಬುಡು" ಎಂದು ಅಜ್ಜಿ ನನ್ನ ಭುಜಕ್ಕೆ ತಲೆಯಿಟ್ಟಳು. ತೆರಕಣಾಂಬಿಯವರೆಗೆ ನಾನು ಕಲ್ಲಿನಂತೆ ಅಲುಗದೆ ಕೂತೆ. ಅಲ್ಲಿಂದ ಮುಂದಿನದು ನನಗೆ ನೆನಪಿಲ್ಲ. ಯಾರೋ ಕೆನ್ನೆ ತಟ್ಟುತ್ತಿದ್ದರು. "ಏಳಮ್ಮಿ, ಊರ್ ಬಂತು. ನಿಮ್ಮಪ್ಪನೂ ಇಂಗೇಯ, ಬಸ್ ಅತ್ತುದ್ರೆ ಸಾಕು ನಿದ್ದೆ."

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಾಯುತ್ತಿದ್ದರು. ಅಜ್ಜಿ ನನ್ನ ಕೈ ಹಿಡಿದು ಮೆಟ್ಟಿಲಿಳಿಸಿ, ಆ ಕೈಯನ್ನು ಅಪ್ಪನಿಗೆ ಒಪ್ಪಿಸಿ, "ತಕ್ಕಪ್ಪ ನಿನ್ ಮಗಳ್ನ, ಜ್ವಾಪಾನವಾಗಿ ಕರ್ಕೊಂಡು ಬಂದಿವ್ನಿ" ಎಂದಳು. ಅಪ್ಪ ನನ್ನತ್ತ ನೋಡಿದರು. ಕೆನ್ನೆಯ ಮೇಲೆ ಕಿಟಕಿ ಸರಳಿನ ಅಚ್ಚು ಎದ್ದಿದ್ದರಿಂದ ನಾನು ವಾದಿಸುವ ಹಾಗಿರಲಿಲ್ಲ.