ಭಾವನವರ ಹದಿನಾರನೆಯ ಶತಮಾನ

ಹದಿನಾರನೆಯ ಶತಮಾನವನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡು, ಕಾರಿನ ಮೇಲೆ ಕಟ್ಟಿಕೊಂಡು ಮನೆಗೆ ತಂದ ಮಹನೀಯರು ಲೋಕದಲ್ಲಿ ಒಬ್ಬರೇ: ನನ್ನ ಭಾವ! ನಮ್ಮಕ್ಕ ತೀರಿಕೊಂಡ ಮರುವರ್ಷ ಹತ್ತಿದ ಗೀಳು ಇದು. ಅಮೆರಿಕದ ಡುವಾಲ್ ಊರಿನಲ್ಲಿರುವ ತಮ್ಮ ಮನೆಯ ಮುಂಗೋಡೆಗೆ ಕಪ್ಪು ಹಲಗೆಗಳನ್ನು ಉದ್ದುದ್ದ, ಅಡ್ಡಡ್ಡ, ಓರೆಯಾಗಿ ಹೊಡೆದು, ಇಂಗ್ಲೆಂಡಿನ ಹಳ್ಳಿಯ ಮರಚೌಕಟ್ಟಿನ ಕುಟೀರವೆಂದು ಬಂದವರಿಗೆಲ್ಲ ತೋರಿಸುತ್ತಾರೆ. ಕಟ್ಟಡಗಳ ಕಾಲನಿರ್ಣಯದಲ್ಲೇ ತಲೆ ನರೆಸಿಕೊಂಡ ನಾನು ಇದನ್ನು ಹೇಗೆ ಸಹಿಸಲಿ?

"ಎಲಿಜಬೆತ್ ರಾಣಿ ಕಾಲದ್ದು" ಎಂದರು ಒಮ್ಮೆ, ಅತಿಥಿಗಳ ಮುಂದೆ.

"ಭಾವ, ಈ ಮನೆ ನನ್ನ ಪೆನ್ಷನ್‌ಗಿಂತ ವಯಸ್ಸಲ್ಲಿ ಚಿಕ್ಕದು! ಕೌಂಟಿ ದಾಖಲೆ ಎರಡು ಸಲ ಚೆಕ್ ಮಾಡಿದೀನಿ."

"ನಾನು ಹೇಳಿದ್ದು ಎರಡನೇ ಎಲಿಜಬೆತ್ ಕಣಯ್ಯ!"

ಕೋಪ ನುಂಗಿಕೊಂಡು ವಿವರಿಸಿದೆ. ನಿಜವಾದ ಕುಟೀರದಲ್ಲಿ ಓಕ್ ಮರದ ಕಂಬ, ತೊಲೆಗಳೇ ಮನೆಯನ್ನು ಹೊರುತ್ತವೆ. ಅವುಗಳ ಜೋಡಣೆಗೆ ಮರದ ಗೂಟ. ನಡುವಿನ ಖಾಲಿ ಜಾಗಕ್ಕೆ ಹೆಣೆದ ಕಡ್ಡಿ, ಅದರ ಮೇಲೆ ಜೇಡಿಮಣ್ಣು, ಹುಲ್ಲು, ಸಗಣಿ. ಆ ಕಪ್ಪು ಬಣ್ಣವೂ ಎಷ್ಟೋ ಕಡೆ ಈಚಿನವರ ಶೋಕಿ!

ಇಷ್ಟೆಲ್ಲದರಲ್ಲಿ ಅವರು ಹಿಡಿದುಕೊಂಡದ್ದೇನು? "ಸಗಣಿ ಬಳೀತಿದ್ರಾ? ಹಾಗಾದ್ರೆ ನಮ್ಮೋರೇ ಬಿಡು!" ಮುಂದಿನ ವಾರ ಬಂದವರಿಗೆ ಅದನ್ನೇ ಸಾರಿ, "ನಮ್ಮ ಭಾವಮೈದ ರಿಸರ್ಚ್ ಮಾಡಿ ಹೇಳಿದಾನೆ" ಎಂದು ನನ್ನ ತಲೆಗೂ ಕಟ್ಟಿದರು!

ಕೊನೆಗೆ ಕನ್ನಡ ಮಕ್ಕಳ ಗುಂಪೊಂದು ಭಾನುವಾರ ಮನೆ ನೋಡಲು ಬರುವುದೆಂದೂ ನಾನೇ ಉಪನ್ಯಾಸ ಕೊಡಬೇಕೆಂದೂ ಅಪ್ಪಣೆಯಾಯಿತು. ಮಕ್ಕಳಿಗೆ ಸುಳ್ಳು ಇತಿಹಾಸವೇ?

"ಹಲಗೆ ಎಲ್ಲ ಕಿತ್ತರೆ ಬರ್ತೀನಿ. ಇಲ್ಲದಿದ್ರೆ ಇನ್ಮೇಲೆ ನಿಮ್ಮನೆ ಕಡೆ ತಲೆ ಹಾಕಲ್ಲ!"

ಭಾವ "ಕೀಳು" ಎಂದರು. "ಬಾಗಿಲ ಪಕ್ಕದ್ದು ಒಂದು ಬಿಡು."

ಶನಿವಾರ ಎಜುಕೇಶನ್ ಹಿಲ್‌ನ ನನ್ನ ಮನೆಯಿಂದ ಮೀಟುಗೋಲಿನೊಡನೆ ಹೊರಟೆ. ಒಂದೊಂದಾಗಿ ಹಲಗೆಗಳು ಹುಲ್ಲಿನ ಮೇಲೆ ಬಿದ್ದವು. ಉಳಿದದ್ದು ಆ ಒಂದು. ಎಲ್ಲಕ್ಕಿಂತ ಅಪಚಾರವೆಂದರೆ ಅದೇ! ನೆಲ ಮುಟ್ಟುವುದಿಲ್ಲ, ಸೂರು ಮುಟ್ಟುವುದಿಲ್ಲ. ಗೋಡೆಯ ನಡುವೆ ಮೊಳದುದ್ದ ತುಂಡು. ಮೀಟುಗೋಲು ತೂರಿಸಹೊರಟೆ. ಭಾವ ಅಂಗೈ ಅಡ್ಡ ಇಟ್ಟರು.

"ಬೇಡ ಅಂದೆನಲ್ಲ."

"ಯಾವ ಶತಮಾನದ್ದು, ಹೇಳಿ. ಬಿಟ್ಬಿಡ್ತೀನಿ!"

"ನಿಮ್ಮಕ್ಕನ ಕಾಲದ್ದು."

ಅವರೇ ಮೇಲಿನ ಮೊಳೆಗಳನ್ನು ಸಡಿಲಿಸಿ, ಹಲಗೆಯನ್ನು ತುಸು ಓರೆ ಮಾಡಿದರು. ಅದರ ಹಿಂದೆ ಗೋಡೆಯ ಮೇಲೆ ಅರಿಶಿನದ ಕೈಗುರುತು. ಗೃಹಪ್ರವೇಶದ ದಿನ ಅಕ್ಕ ಒತ್ತಿದ್ದು. ಕಿರುಬೆರಳು ಎಂದಿನಂತೆ ಸೊಟ್ಟಗಿತ್ತು.

"ಬಡಾವಣೆ ಸಂಘದವರು ಇದರ ಮೇಲೆ ಪೇಂಟ್ ಮಾಡ್ಸಿ ಅಂತ ಹಿಂದೆ ಬಿದ್ರು. ಏನು ಹೇಳ್ಲಿ? ಒಂದು ಹಲಗೆ ಹೊಡೆದೆ. ಇದೇನು ಅಂತ ಪಕ್ಕದ ಮನೆಯವರು ಕೇಳಿದ್ರು. ಬಾಯಿಗೆ ಬಂದಿದ್ದು ಇಂಗ್ಲಿಷ್ ಕಾಟೇಜ್. ಆಮೇಲೆ ಇಡೀ ಗೋಡೆಗೆ ಹೊಡೀಬೇಕಾಯ್ತು... ಸಾಕು ನೋಡಿದ್ದು, ಮುಚ್ಚಯ್ಯ. ಬೆಳಕಿಗೆ ಅರಿಶಿನ ನಿಲ್ಲಲ್ಲ."

ಅವರು ಹಲಗೆಯನ್ನು ಒತ್ತಿ ಹಿಡಿದರು. ನಾನು ಸುತ್ತಿಗೆ ತೆಗೆದುಕೊಂಡು, ಬೆರಳ ಗುರುತಿಗೆ ತಾಗದಂತೆ, ಹಳೆಯ ತೂತುಗಳಲ್ಲೇ ಮೊಳೆ ಹೊಡೆದೆ. ಆಮೇಲೆ ಹುಲ್ಲಿನ ಮೇಲಿದ್ದ ಹಲಗೆಗಳ ಕಡೆ ಕೈಚಾಚಿದೆ.

"ಕೊಡಿ ಭಾವ, ಅವನ್ನೂ. ಒಂದೇ ಇದ್ರೆ ಜನ ಮತ್ತೆ ಕೇಳ್ತಾರೆ."